ಸರಿದದ್ದನ್ನು ಸರಿಮಾಡಿದೆ

ನನ್ನ ತಂಗಿ ಇದೇ ಹೈದರಾಬಾದಿನಲ್ಲಿದ್ದಾಳೆ. ನಾನು ಸನತ್‌ನಗರದಲ್ಲಿ, ಅವಳು ಕುಷಾಯಿಗೂಡದಲ್ಲಿ. ಹಬ್ಬಕ್ಕೆ ಬರುತ್ತಾಳೆ, ಹೋಳಿಗೆ ತಟ್ಟುತ್ತಾಳೆ, ನನ್ನ ಹೆಂಡತಿಯ ಜೊತೆ ಕೂತು ನಗುತ್ತಾಳೆ, ನಾನು ಬಿ.ಪಿ. ಗುಳಿಗೆ ನುಂಗಿದೆನೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ನೋಡಿದವರು ಅಣ್ಣ ತಂಗಿ ಚೆನ್ನಾಗಿದ್ದಾರೆ ಅನ್ನಬೇಕು, ಹಾಗಿದ್ದೇವೆ. ಆದರೆ ಅವಳು ನನಗೆ "ಅಣ್ಣಾ, ಇಲ್ಲಿ ನೋಡು" ಅನ್ನುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಒಂದು ಕಾಲಕ್ಕೆ ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಚಹಾದ ಲೋಟದಲ್ಲಿ ಪುಡಿ ಯಾಕೆ ನಡುವೆ ಬಂದು ಗುಂಪಾಗುತ್ತದೆ, ಹಂಚಿನ ಮೇಲೆ ನೀರಿನ ಹನಿ ಯಾಕೆ ಕುಣಿಯುತ್ತದೆ, ಎಲ್ಲಕ್ಕೂ "ಅಣ್ಣಾ, ಇಲ್ಲಿ ನೋಡು." ಒಮ್ಮೆ ಬಸ್ಸಿನಲ್ಲಿ ಕಿಟಕಿಯ ಗಾಜಿನ ಮೇಲೆ ಮಳೆ ಓರೆಯಾಗಿ ಹರಿಯುವುದನ್ನು ತೋರಿಸಿ ಹೇಳಿದ್ದಳು: "ಮಳಿ ನೆಟ್ಟಗ ಬೀಳಾಕತ್ತೈತಿ ಅಣ್ಣಾ. ನಾವು ಓಡಾಕತ್ತೀವಲ್ಲ, ಅದಕ್ಕ ಓರೆ ಕಾಣ್ತೈತಿ." ನಾನು ಹೂಂ ಅಂದೆ. ನನಗೆ ಇಳಿಯುವ ಸ್ಟಾಪಿನ ಚಿಂತೆ. ಈಗ ಮಳೆಯಲ್ಲಿ ಬಸ್ಸು ಹತ್ತಿದರೆ ಕಿಟಕಿಯ ಕಡೆಗೇ ಕೂರುತ್ತೇನೆ. ಓರೆ ಮಳೆ ಹಾಗೇ ಹರಿಯುತ್ತದೆ, ಪಕ್ಕದ ಸೀಟಿನಲ್ಲಿ ಇನ್ಯಾರೋ ಇರುತ್ತಾರೆ.

ನಾನು ಓದಿದ್ದು ಏಳನೆಯ ಇಯತ್ತೆ. ಸೇಡಂ ಕಡೆಯ ಹಳ್ಳಿಯಿಂದ ನಮ್ಮಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದಾಗ ನನ್ನ ಕೈಗೂ ಕರಣಿ ಬಂತು. ತಂಗಿ ಹುಟ್ಟಿದ್ದು ಇಲ್ಲೇ. ಅವಳನ್ನು ಶಾಲೆ ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅವಳು ಬಿಡುವವಳೂ ಅಲ್ಲ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ನಾಲ್ಕನ್ನೂ ದಾಟಿ ಬಿ.ಎಸ್ಸಿ.ಯ ಕೊನೆಯ ವರ್ಷಕ್ಕೆ ಬಂದಿದ್ದಳು.

ನನ್ನ ವಿದ್ಯೆಯೆಂದರೆ ಗುಂಡು. ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ತೂಗುಗುಂಡು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ ದಿನ ಒಂದೇ ಮಾತು ಕಲಿಸಿದ: "ಗುಂಡು ನಿಂತ ಮ್ಯಾಲೆ ಮಾತಾಡು." ತೂಗುತ್ತಿರುವ ಗುಂಡನ್ನು ನೋಡಿ ಇಟ್ಟಿಗೆ ಇಟ್ಟರೆ ಗೋಡೆ ಸುಳ್ಳಾಗುತ್ತದೆ. ಅದಕ್ಕೆ ಗುಂಡು ಅಲುಗಿದರೆ ಎಡಗೈ ತಾನಾಗಿ ಹೋಗಿ ಹಿಡಿಯುತ್ತದೆ, ನಿಲ್ಲಿಸುತ್ತದೆ, ಮೆಲ್ಲಗೆ ಬಿಡುತ್ತದೆ. ಯೋಚನೆ ಮಾಡಿ ಮಾಡುವ ಕೆಲಸವಲ್ಲ ಅದು. ರೆಪ್ಪೆ ಬಡಿದ ಹಾಗೆ.

ಅವಳ ಕಾಲೇಜಿನ ಮೇಷ್ಟ್ರೊಬ್ಬರು ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರಿ, ಸೀಟು ಸಿಕ್ಕರೆ ಹಾಸ್ಟೆಲಿನಲ್ಲಿ ಇದ್ದು ಓದಬಹುದು ಎಂದಿದ್ದರು. ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ. ಬೇಡ ಅನ್ನುತ್ತಿದ್ದವಳು ಅವಳೇ. "ಪುಸ್ತಕದಾಗ ಎಲ್ಲಾ ಆಕ್ಕೈತಿ ಅಣ್ಣಾ. ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡೀನಿ. ನನ್ನ ಕೈಯಾಗ ಒಂದರೆ ಪ್ರಯೋಗ ಆಗಬೇಕು. ಆದರ ಅರ್ಜಿ ಹಾಕತೀನಿ, ಇಲ್ಲಂದರ ಇಲ್ಲ."

ಆ ಒಂದು ಎಂದರೆ ಭೂಮಿ ತಿರುಗುವುದನ್ನು ಗುಂಡಿನಿಂದ ತೋರಿಸುವುದು. ಅದಕ್ಕೆ ಎತ್ತರದಿಂದ ಇಳಿಬಿಟ್ಟ ಭಾರದ ಗುಂಡು ಬೇಕು, ಗಾಳಿ ಆಡದ ಜಾಗ ಬೇಕು. ನಾನು ಆಗ ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿಗೆಂದು ಬಿಟ್ಟ ಬಾವಿಯಂಥ ಜಾಗ ಮೇಲಿನ ಸ್ಲ್ಯಾಬಿನಿಂದ ನೆಲದವರೆಗೆ ಖಾಲಿ ಇತ್ತು. ಲಿಫ್ಟಿನವರು ಇನ್ನೂ ಬಂದಿರಲಿಲ್ಲ.

"ಒಂದು ರವಿವಾರ ಆ ಲಿಫ್ಟ್ ಬಾವಿ ನನಗ ಕೊಡತೀಯೇನು?" ಎಂದು ಅವಳು ಕೇಳಿದ್ದು ನಮ್ಮ ಅಡುಗೆಮನೆಯಲ್ಲಿ, ಉಳ್ಳಾಗಡ್ಡಿ ಹೆಚ್ಚುತ್ತ.

"ಕೊಡತೀನಿ. ಆದರ ನನಗೊಂದು ತಿಳೀವಲ್ದು," ಅಂದೆ. "ತಂತಿ ಕಟ್ಟೋದು ಸ್ಲ್ಯಾಬಿಗೆ. ಭೂಮಿ ತಿರುಗಿದರ ಸ್ಲ್ಯಾಬೂ ತಿರುಗಬೇಕು. ಅದರ ಹಿಂದ ಗುಂಡೂ ಹೋಗಬೇಕಲ್ಲ?"

ಅವಳ ಮುಖ ಅರಳಿತು. ನಾನು ಹೂಂ ಅನ್ನದೆ ಎದುರು ಪ್ರಶ್ನೆ ಕೇಳಿದ್ದು ಅದೇ ಮೊದಲು ಇರಬೇಕು.

"ಹೋಗಬೇಕಂದರ ಗುಂಡಿಗೆ ಯಾರರೆ ಬಾಜೂದಿಂದ ದೂಡಬೇಕು. ದಾರಕ್ಕ ದೂಡಾಕ ಬರತೈತೇನು? ಇಷ್ಟು ವರ್ಷ ಗುಂಡು ಹಿಡದೀ, ನೀನ ಹೇಳು."

"ದಾರ ದೂಡೂದಿಲ್ಲ. ಜಗ್ಗತೈತಿ ಅಷ್ಟ."

"ಮತ್ತ? ತಾ ನಿನ್ನ ಗುಂಡು."

ಗೂಟಕ್ಕೆ ಹಾಕಿದ್ದ ಗುಂಡನ್ನು ಕೊಟ್ಟೆ. ಒಲೆಯಿಂದ ಬಾಗಿಲ ಕಡೆಗೆ ತೂಗಿಬಿಟ್ಟು, ಮೇಲೆ ದಾರವನ್ನು ಎರಡು ಬೆರಳಲ್ಲಿ ಹೊಸೆದಳು. ಗುಂಡು ಬುಗುರಿಯಂತೆ ತನ್ನ ಸುತ್ತ ತಾನು ತಿರುಗಿತು. ಆದರೆ ತೂಗುವುದು ಮಾತ್ರ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ದಿಕ್ಕು ಬದಲಾಗಲಿಲ್ಲ.

ಆಮೇಲೆ ಒಂದು ಇಡೀ ಉಳ್ಳಾಗಡ್ಡಿ ತಗೊಂಡು ನೆತ್ತಿಗೆ ಕಡ್ಡಿ ಚುಚ್ಚಿ ತಿರುವಿದಳು. "ಇದು ಭೂಮಿ. ನೆತ್ತಿ ಮ್ಯಾಲೆ ನಿಂತವರು ನಿಂತಲ್ಲೇ ಗಿರಕಿ ಹೊಡೀತಾರ. ಅಲ್ಲಿ ಗುಂಡು ಕಟ್ಟಿದರ ಒಂದ ದಿನದಾಗ ಪೂರಾ ಸುತ್ತು ಕಾಣ್ತೈತಿ." ಕಡ್ಡಿಯನ್ನು ಕಿತ್ತು ಹೊಟ್ಟೆಗೆ ಚುಚ್ಚಿದಳು. "ಇಲ್ಲಿ ನಿಂತವರು ಭೂಮಿ ಸಂಗಾಟ ಸುತ್ತು ಹೊಡೀತಾರ ಖರೆ, ಆದರ ನಿಂತಲ್ಲೇ ಗಿರಕಿ ಇಲ್ಲ. ಇಲ್ಲಿ ಗುಂಡು ಏನೂ ತೋರಿಸೂದಿಲ್ಲ. ನಮ್ಮ ಹೈದರಾಬಾದ್ ಎರಡರ ನಡುವ, ಹೊಟ್ಟಿ ಕಡೆ ಜಾಸ್ತಿ. ಅದಕ್ಕ ನಮ್ಮಲ್ಲಿ ಸಾವಕಾಶ."

ನಮ್ಮವ್ವ ಒಲೆಯ ಮುಂದಿನಿಂದ ಅಂದಳು: "ಹೆಚ್ಚು ಅಂತ ಉಳ್ಳಾಗಡ್ಡಿ ಕೊಟ್ಟರ ಭೂಮಿ ಮಾಡ್ಕೊಂಡು ಕುಂತಾಳ. ಪಲ್ಯಾಕ್ಕ ಏನು ಹಾಕಲಿ, ಚಂದ್ರನ್ನ?"

ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ನಾನು ಕೇಳಿದೆ, "ಹಂಗಾದರ ಗುಂಡು ಸರಿಯೂದಿಲ್ಲ?"

"ಗುಂಡು ಸರಿಯೂದಿಲ್ಲ ಅಣ್ಣಾ. ನೆಲ ಸರೀತೈತಿ."

ಗುಂಡು ಸರಿಯುವುದಿಲ್ಲ ಎಂಬುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನೆಲ ಸರಿಯುತ್ತದೆ ಎಂಬುದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಗೌಂಡಿಗೆ ನೆಲ ಸರಿಯುವುದೆಂದರೆ ಏನು? ನೆಲ ಇರುವುದೇ ಸರಿಯದಿರುವುದಕ್ಕೆ. ಅದರ ಮೇಲೆ ನಂಬಿಕೆ ಇಟ್ಟೇ ಅಲ್ಲವೆ ಗೋಡೆ ಎಬ್ಬಿಸುವುದು.

ಬಣ್ಣದ ದೊಡ್ಡ ಡಬ್ಬಿಯಲ್ಲಿ ಕಾಂಕ್ರೀಟು ತುಂಬಿ, ನಡುವೆ ಕಬ್ಬಿಣದ ಕೊಂಡಿ ನೆಟ್ಟು ಗುಂಡು ಮಾಡಿಕೊಟ್ಟೆ. ಹತ್ತಿರದ ಕಾರ್ಖಾನೆಯ ಗುಜರಿಯಿಂದ ಅವಳೇ ಉಕ್ಕಿನ ತಂತಿ ತಂದಳು. ಮೇಲಿನ ಸ್ಲ್ಯಾಬಿನ ಕೊಕ್ಕೆಗೆ ಬಿಗಿದು ಇಳಿಬಿಟ್ಟೆವು. ಪ್ರತಿ ಅಂತಸ್ತಿನ ಬಾಗಿಲ ಕಂಡಿಗೂ ತಾಡಪತ್ರೆ ಕಟ್ಟಿ ಗಾಳಿ ನಿಲ್ಲಿಸಿದೆವು. ಆ ರವಿವಾರ ಬೆಳಿಗ್ಗೆ ಅವಳು ಬಾವಿಯ ತಳದಲ್ಲಿ ಸೀಮೆಸುಣ್ಣದಿಂದ ಒಂದು ಉದ್ದ ಗೆರೆ ಎಳೆದಳು. ಗುಂಡನ್ನು ಗೆರೆಯ ತುದಿಗೆ ಜಗ್ಗಿ ಹತ್ತಿಯ ನೂಲಿನಿಂದ ಗೋಡೆಯ ಮೊಳೆಗೆ ಕಟ್ಟಿದಳು.

"ಕೈಲೆ ಬಿಟ್ಟರ ಆಗೂದಿಲ್ಲೇನು?" ಅಂದೆ.

"ಕೈಯಾಗ ಮನಸ್ಸು ಇರತೈತಿ ಅಣ್ಣಾ. ಗೊತ್ತಿಲ್ಲದಂಗ ಒಂದು ಬಾಜೂಕ ದೂಡತೈತಿ." ಕಡ್ಡಿ ಗೀರಿ ನೂಲಿಗೆ ಹಚ್ಚಿದಳು. ನೂಲು ಸುಟ್ಟು ಹರಿಯಿತು. ಅಷ್ಟು ದೊಡ್ಡ ಡಬ್ಬಿ ಸದ್ದಿಲ್ಲದೆ ಹೊರಟು, ಗೆರೆಯ ಮೇಲೆ ಹೋಗಿ, ಗೆರೆಯ ಮೇಲೇ ತಿರುಗಿ ಬಂತು.

ಅವಳಿಗೆ ಆ ದಿನ ಬಿ.ಎಸ್ಸಿ. ಪರೀಕ್ಷೆಯ ತಯಾರಿಯ ಕ್ಲಾಸು ಇತ್ತು. ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತು ನಿಂತು ಹೊರಟಳು. "ಯಾರೂ ಮುಟ್ಟಬಾರದು. ನೀ ಕಾಯಿ. ಮಧ್ಯಾಹ್ನ ಬರತೀನಿ."

ನಾನು ಸಿಮೆಂಟಿನ ಚೀಲದ ಮೇಲೆ ಕೂತೆ. ನನ್ನ ಜೊತೆಯ ಮೇಸ್ತ್ರಿ, ಪಾಲಮೂರಿನವನು, ಅದೇ ಕಟ್ಟಡದಲ್ಲಿ ಉಳಿಯುತ್ತಿದ್ದ. ಬಂದು ನೋಡಿ, "ಸೈಂಟಿಸ್ಟ್ ಮೇಡಂ ಕಾ ಝೂಲಾ," ಎಂದು ಅದನ್ನು ಉಯ್ಯಾಲೆ ಮಾಡಿ ನಕ್ಕು ಹೋದ. ಎದುರಿಗೆ ಗುಂಡು ತೂಗುತ್ತಿದ್ದರೆ ಸುಮ್ಮನೆ ಕೂರುವುದು ನನಗೆಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಎಡಗೈ ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಬಲಗೈ ಇಟ್ಟು ಕೂತಿದ್ದೆ. ಆಮೇಲೆ ಹಸಿವಾಯಿತು. ಹೊರಗೆ ಬೇವಿನ ನೆರಳಿನಲ್ಲಿ ಮೇಸ್ತ್ರಿಯ ಜೊತೆ ರೊಟ್ಟಿ ತಿಂದು, ಹರಟೆ ಹೊಡೆದು, ಕೈ ತೊಳೆದು ಬಂದೆ.

ಗುಂಡು ಗೆರೆ ಬಿಟ್ಟಿತ್ತು.

ಗೆರೆಯ ನಡುವಿನ ಮೇಲೆ ಹಾಯುತ್ತಿತ್ತು, ಆದರೆ ತುದಿಗಳಲ್ಲಿ ಪಕ್ಕಕ್ಕೆ, ಅಂಗೈ ಅಗಲ ಸರಿದಿತ್ತು. ಗುಂಡು ಸರಿಯುವುದಿಲ್ಲ ಎಂದಿದ್ದಳು, ಸರಿದಿದೆ. ತಾಡಪತ್ರೆ ಬಿಚ್ಚಿ ಗಾಳಿ ಬಂತೋ, ಬೆಕ್ಕು ಹಾಯಿತೋ. ನನ್ನನ್ನು ಕಾಯಲು ಬಿಟ್ಟು ಹೋದಳು, ನಾನು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ. ಹಾಳಾಗಿದ್ದನ್ನು ಅವಳು ಬರುವುದರೊಳಗೆ ನೆಟ್ಟಗೆ ಮಾಡಬೇಕು. ಎಡಗೈ ಹೋಯಿತು. ಗುಂಡನ್ನು ಹಿಡಿದೆ, ನಿಲ್ಲಿಸಿದೆ, ಪೂರಾ ನಿಲ್ಲುವವರೆಗೆ ಕಾದೆ. ಗೆರೆಯ ತುದಿಗೆ ಜಗ್ಗಿ, ಕಣ್ಣಳತೆ ನೋಡಿ, ಅಲುಗದಂತೆ ಕೈ ಬಿಟ್ಟೆ. ಕೂದಲೆಳೆ ತಪ್ಪದೆ ಗೆರೆಯ ಮೇಲೆ ತೂಗಿತು. ಸರಿದದ್ದನ್ನು ಸರಿಮಾಡಿದೆ ಎಂದು ಸಮಾಧಾನದಿಂದ ಕೂತೆ. ನಿಜ ಹೇಳುತ್ತೇನೆ, ಹೆಮ್ಮೆಯಿಂದ ಕೂತೆ.

ಸ್ವಲ್ಪ ಹೊತ್ತಿಗೆ ಅವಳು ಬಂದಳು. ಬಸ್ ಸ್ಟಾಪಿನಿಂದ ಓಡಿ ಬಂದಿದ್ದಳು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು, ಗುಡಿಯೊಳಗೆ ಬಂದ ಹಾಗೆ.

ನಾನೇ ಮೊದಲು ಅಂದೆ: "ಸರಿದಿಲ್ಲ ನೋಡು. ಗೆರಿ ಮ್ಯಾಲೇ ಐತಿ."

ಅವಳು ನೋಡಿದಳು. ಬಗ್ಗಿ ನೋಡಿದಳು. ಗುಂಡು ಹೋಗಿ ಬರುವುದನ್ನು ಕಣ್ಣಿನಿಂದ ಹಿಂಬಾಲಿಸಿದಳು. ಆಗ ಅವಳ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ನಾನು ಕೆಡಿಸಿದ್ದೇನೆ ಎಂದು ನನಗೆ ಗೊತ್ತಾದದ್ದು ಗುಂಡಿನಿಂದಲ್ಲ, ಆ ಮುಖದಿಂದ.

"ಯಾರರೆ ಮುಟ್ಟಿದರೇನಣ್ಣಾ?"

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ.

"ಇಲ್ಲ," ಅಂದೆ.

ಅವಳು ಇನ್ನೊಮ್ಮೆ ಗುಂಡನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾದರ ಕೊಕ್ಕಿ ಬಿಗಿದದ್ದ ಸರಿ ಇಲ್ಲೇನೋ. ನಾನ ಎಲ್ಲೋ ತಪ್ಪೀನಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಮಾರನೆಯ ದಿನ ಲಿಫ್ಟಿನವರು ಕಂಬಿ ಸಾಮಾನು ತಂದು ಬಾವಿಯಲ್ಲಿ ಇಳಿಸಿದರು. ಡಬ್ಬಿಯ ಗುಂಡನ್ನು ಹೊರಗೆ ಹಾಕಿದೆವು, ಯಾರೋ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಅವಳು ಅರ್ಜಿ ಹಾಕಲಿಲ್ಲ. ಮೇಷ್ಟ್ರು ಎರಡು ಸಲ ಹೇಳಿ ಕಳಿಸಿದರು. ಬೇಸಿಗೆ ಕಳೆಯುವುದರೊಳಗೆ ಬೇಗಂ ಬಜಾರಿನಲ್ಲಿ ಪಾತ್ರೆಯ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿಕೊಂಡಳು. ಒಳ್ಳೆಯ ಸೇಠ್, ಒಳ್ಳೆಯ ಕೆಲಸ. ಮುಂದೆ ಮದುವೆಯಾಗಿ ಕುಷಾಯಿಗೂಡಕ್ಕೆ ಹೋದಳು. ಗಂಡ ಸಾಧು ಮನುಷ್ಯ. ಅವಳ ಬದುಕು ಹಾಳಾಯಿತು ಎಂದು ನಾನು ಹೇಳಿದರೆ ಅದು ಅವಳಿಗೆ ಮಾಡುವ ಇನ್ನೊಂದು ಅನ್ಯಾಯ.

ಮೇಸ್ತ್ರಿಯ ಮುಂದೆ ಮರ್ಯಾದೆ ಹೋಗುತ್ತದೆಂದು ಇಲ್ಲ ಅಂದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಆ ಗಳಿಗೆಗೆ ನಿಜ. ಆದರೆ ಅವತ್ತು ಸಂಜೆ ಹೇಳಬಹುದಿತ್ತು. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ವಾರವಿತ್ತು, ಆ ವಾರದ ಯಾವ ಸಂಜೆಯಾದರೂ ಹೇಳಬಹುದಿತ್ತು. ಹೇಳದ್ದಕ್ಕೆ ಕಾರಣ ಬೇರೆ. ಹಾಸ್ಟೆಲಿಗೆ ಹೋಗುವುದು ತಪ್ಪಿತು, ಸಂಜೆ ನಾನು ಕೆಲಸದಿಂದ ಬಂದಾಗ ಇವಳು ಮನೆಯಲ್ಲಿ ಇರುತ್ತಾಳೆ ಎಂದು ಒಳಗೊಳಗೇ ನನಗೆ ಹಿತವಾಗಿತ್ತು. ಅವಳ ಮಾತು ಕೇಳಿ ಸಾಕಾಗಿದೆ ಎಂದುಕೊಳ್ಳುತ್ತಿದ್ದವನಿಗೆ, ಅದಿಲ್ಲದ ಮನೆ ನೆನೆಸಿಕೊಂಡರೆ ಆಗುತ್ತಿರಲಿಲ್ಲ. ಹಾಗೆ ಅವಳನ್ನು ಇಟ್ಟುಕೊಂಡೆ. ಅವಳು ಉಳಿದಳು, "ಅಣ್ಣಾ, ಇಲ್ಲಿ ನೋಡು" ಉಳಿಯಲಿಲ್ಲ. ಚಹಾ ಕೊಡುತ್ತಿದ್ದಳು, ಲೋಟದೊಳಗೆ ಬಗ್ಗಿ ನೋಡುತ್ತಿರಲಿಲ್ಲ.

ಗುಂಡು ಸರಿಯದೆ ಇದ್ದು ನೆಲ ಸರಿಯುವುದು ಹೇಗೆಂದು ನನಗೆ ಹೊಳೆದದ್ದು ಈ ಶ್ರಾವಣದಲ್ಲಿ, ನಮ್ಮ ಗಲ್ಲಿಯ ಕಟಿಂಗ್ ಅಂಗಡಿಯಲ್ಲಿ. ಬಾಗಿಲ ಮೇಲೆ ದೃಷ್ಟಿಗೆಂದು ನಿಂಬೆಹಣ್ಣು, ಹಸಿಮೆಣಸಿನಕಾಯಿ ದಾರದಲ್ಲಿ ಕಟ್ಟಿದ್ದರು. ಎತ್ತರದ ಗಿರಾಕಿಯೊಬ್ಬ ಒಳಗೆ ಬರುವಾಗ ತಲೆಗೆ ತಾಗದಂತೆ ಕೈಯಿಂದ ಪಕ್ಕಕ್ಕೆ ಸರಿಸಿ ಬಿಟ್ಟ, ಅದು ತೂಗತೊಡಗಿತು. ನಾನು ತಿರುಗುವ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದೆ. ನಿಂಬೆಹಣ್ಣು ನನ್ನ ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ಹಜಾಮ ಕಿವಿಯ ಹಿಂದೆ ಕತ್ತರಿಸಲು ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದ. ಬಾಗಿಲು ನನ್ನ ಪಕ್ಕಕ್ಕೆ ಬಂತು. ವಾರೆಗಣ್ಣಿನಲ್ಲಿ ನೋಡುತ್ತೇನೆ, ಎಡಕ್ಕೆ ಬಲಕ್ಕೆ ತೂಗುತ್ತಿದ್ದ ನಿಂಬೆಹಣ್ಣು ಈಗ ನನ್ನ ಮುಂದಕ್ಕೆ ಹಿಂದಕ್ಕೆ ತೂಗುತ್ತಿದೆ. ಅದನ್ನು ಯಾರೂ ಮುಟ್ಟಿಲ್ಲ. ಅದು ಮೊದಲು ತೂಗುತ್ತಿದ್ದ ಹಾಗೆಯೇ ಬಾಗಿಲ ಚೌಕಟ್ಟಿನ ಉದ್ದಕ್ಕೆ ತೂಗುತ್ತಿದೆ. ತಿರುಗಿದವನು ನಾನು.

ಎದ್ದು ನಿಂತುಬಿಟ್ಟೆ.

"ಅರೇ ಭಾಯ್, ಹಿಲೋ ನಕ್ಕೋ!" ಎಂದು ಹಜಾಮ ಹೆಗಲು ಹಿಡಿದು ಕೂರಿಸಿದ. ಅಲುಗಬೇಡ ಅಂತೆ. ಅದೇ ಅಲ್ಲವೆ ನನಗೆ ಬರುತ್ತಿದ್ದ ಒಂದೇ ವಿದ್ಯೆ.

ಆ ಬಾವಿಯ ತಳವೂ ಇಂಥದೇ ಕುರ್ಚಿ. ಎಷ್ಟು ನಿಧಾನ ತಿರುಗುತ್ತದೆಂದರೆ ಕೂತವನಿಗೆ ಗೊತ್ತಾಗುವುದಿಲ್ಲ. ಗೆರೆ ಎಳೆದದ್ದು ಕುರ್ಚಿಯ ಮೇಲೆ. ನಾನು ರೊಟ್ಟಿ ತಿನ್ನುವಾಗ ಗೆರೆ, ಬಾವಿ, ಕಟ್ಟಡ, ಬೇವಿನ ಮರ, ನಾನು, ಎಲ್ಲರೂ ಗುಂಡಿನ ಕೆಳಗೆ ತಿರುಗಿದ್ದೆವು. ಗುಂಡು ತನ್ನ ದಾರಿಯಲ್ಲೇ ಇತ್ತು. ತಿರುಗಿದವನು ಹೋಗಿ ತಿರುಗದ್ದನ್ನು ಹಿಡಿದು, ತಪ್ಪಿದ್ದೀ ಎಂದು ನಿಲ್ಲಿಸಿದ್ದ. ಅವಳ ಮಾತು ಅರ್ಥವಾಯಿತೆಂಬ ಖುಷಿ ಒಂದು ಗಳಿಗೆ ಇತ್ತು, ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಬೇಕಾದವಳು ಒಬ್ಬಳೇ.

ಅದೇ ವಾರ ಕುಷಾಯಿಗೂಡಕ್ಕೆ ಹೋದೆ. ಅವಳ ಗಂಡ ಕೆಲಸಕ್ಕೆ ಹೋಗಿದ್ದ. ಬಿಸಿಲು ಬೀಳುವ ಜಗಲಿಯಲ್ಲಿ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು.

"ಏನಣ್ಣಾ, ಫೋನೂ ಇಲ್ಲ ಏನೂ ಇಲ್ಲ? ತಲಿ ಅರ್ಧಾ ಕಟಿಂಗ್ ಮಾಡಿಸ್ಕೊಂಡು ಬಂದಂಗ ಕಾಣ್ತಿ."

"ಅವತ್ತು ನಾ ಮುಟ್ಟಿದ್ದೆ," ಅಂದೆ. ಬೇರೆ ಪೀಠಿಕೆ ಬರಲಿಲ್ಲ. "ಲಿಫ್ಟ್ ಬಾವ್ಯಾಗ. ಗುಂಡು ಗೆರಿ ಬಿಟ್ಟಿತ್ತು. ಕೆಟ್ಟೈತಿ ಅಂತ ನಿಲ್ಲಿಸಿ, ತಿರುಗಿ ಗೆರಿ ಮ್ಯಾಲೆ ಬಿಟ್ಟೆ. ನೀ ಕೇಳಿದಿ. ನಾ ಇಲ್ಲ ಅಂದೆ."

ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಗಲ್ಲಿಯಲ್ಲಿ ತರಕಾರಿಯ ಬಂಡಿಯವನು ಕೂಗುತ್ತ ಹೋದ.

"ನನಗ ಅವತ್ತ ಅನುಮಾನ ಬಂದಿತ್ತು," ಅಂದಳು. "ಮುಂಜಾನೆ ಬಿಟ್ಟಿದ್ದು ಮಧ್ಯಾಹ್ನಕ್ಕ ಅಷ್ಟು ಜೋರು ತೂಗಬಾರದಿತ್ತು. ಸಣ್ಣದಾಗಬೇಕಿತ್ತು."

"ಮತ್ಯಾಕ ಕೇಳಲಿಲ್ಲ?"

"ಕೇಳಿದ್ನಲ್ಲ. ನೀ ಇಲ್ಲ ಅಂದಿ." ಸೊಪ್ಪಿನ ಒಂದು ಕಡ್ಡಿ ಎತ್ತಿ ನೋಡಿದಳು. "ಕಣ್ಣು ಒಂದು ಹೇಳತಿತ್ತು, ನೀ ಒಂದು ಹೇಳತಿದ್ದಿ. ನಾ ನಿನ್ನ ಮಾತು ನಂಬಿದೆ. ಅಂಥಾಕಿ ಏನು ಸೈನ್ಸ್ ಓದತಾಳ, ಹೇಳು."

ಇದಕ್ಕಿಂತ ಅವಳು ಬೈದಿದ್ದರೆ, ಸೊಪ್ಪನ್ನು ಮುಖಕ್ಕೆ ಎರಚಿದ್ದರೆ ಚೆನ್ನಾಗಿತ್ತು. ನಾನು ಏನೋ ಅನ್ನಲು ಹೋದೆ, ತಪ್ಪಾಯಿತು ಎಂದೋ ಏನೋ. ಅವಳು ಕೈ ಎತ್ತಿ ತಡೆದಳು. ಮುಖದಲ್ಲಿ ಬೇರೆ ಏನೋ ಓಡುತ್ತಿತ್ತು.

"ಯಾ ಕಡೆ ಸರಿದಿತ್ತು?"

"ಆಂ?"

"ಗುಂಡು ಅಣ್ಣಾ. ನೀ ನೋಡಿದಾಗ. ಗೆರಿ ಬಿಟ್ಟು ಯಾ ಕಡೆ ಸರಿದಿತ್ತು? ನೆನಪು ಮಾಡ್ಕೊ. ಸುಳ್ಳ ಹೇಳಬ್ಯಾಡ, ಗೊತ್ತಿಲ್ಲಂದರ ಗೊತ್ತಿಲ್ಲ ಅನ್ನು."

ನೆನಪು ಮಾಡಿಕೊಳ್ಳುವುದೇನು ಬಂತು. ಇಷ್ಟು ವರ್ಷ ಕಣ್ಣು ಮುಚ್ಚಿದರೆ ಕಾಣುವುದು ಅದೇ. ನಾನು ಬಾಗಿಲ ಕಡೆ ನಿಂತಿದ್ದೆ. ಗುಂಡು ನನ್ನಿಂದ ದೂರ ಹೋಗುವಾಗ ಗೆರೆಯ ಆ ತುದಿಯ ಬಲಕ್ಕೆ ಮುಟ್ಟುತ್ತಿತ್ತು.

"ಬಲಕ್ಕ," ಅಂದೆ. "ಆ ತುದ್ಯಾಗ ಬಲಕ್ಕ. ನನ್ನ ಕಡೆ ಬರುವಾಗ ನನ್ನ ಎಡಕ್ಕ."

"ಎಷ್ಟು?"

ಎಡಗೈಯ ಬೆರಳು ಜೋಡಿಸಿ ತೋರಿಸಿದೆ. ಅವಳು ನನ್ನ ಕೈ ಹಿಡಿದು, ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಅಳೆದಳು. ಸೊಪ್ಪಿನ ಮಣ್ಣು ನನ್ನ ಕೈಗೆ ಹತ್ತಿತು. ಬಾಯಲ್ಲಿ ಏನೋ ಲೆಕ್ಕ ಹಾಕಿದಳು, ಬೆಳಿಗ್ಗೆ ಬಿಟ್ಟದ್ದು, ಮಧ್ಯಾಹ್ನ ನಾನು ಉಂಡದ್ದು.

"ಬಲಕ್ಕ," ಎಂದಳು, ನನಗಲ್ಲ. "ಬಲಕ್ಕೇ ಸರಿಯಬೇಕು. ಹಂಗಾದರ ನನ್ನ ಕೈಯಾಗ ಆಗಿತ್ತು."

ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು. ಬಂದಾಗ ಚಹಾ ತಂದಿದ್ದಳು, ಕಣ್ಣು ಕೆಂಪಾಗಿದ್ದವು. ನನ್ನ ಲೋಟ ನನ್ನ ಮುಂದಿಟ್ಟಳು. ಸಿಟ್ಟಿತ್ತೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ, ಅವಳಾಗಿ ಹೇಳಲೂ ಇಲ್ಲ.

ಹೊರಡುವಾಗ ಹೇಳಿದೆ, ಈಗಿನ ಕಟ್ಟಡದಲ್ಲೂ ಲಿಫ್ಟ್ ಬಾವಿ ಖಾಲಿ ಇದೆ, ದಸರೆಯವರೆಗೆ ಲಿಫ್ಟಿನವರು ಬರುವುದಿಲ್ಲ, ಮೇಲೆ ಕೊಕ್ಕೆ ನಾನೇ ಹಾಕಿಸಿದ್ದೇನೆ ಎಂದು. ಅವಳು ಗೇಟಿನವರೆಗೆ ಬಂದಳು.

"ನೋಡೋಣ," ಅಂದಳು. ಸ್ವಲ್ಪ ನಿಂತು, "ಈ ಸಲ ನೀ ಕಾಯೋದು ಬ್ಯಾಡ. ನಾನ ಕುಂದರತೀನಿ," ಅಂದಳು.

ಅವಳು ಇನ್ನೂ ಬಂದಿಲ್ಲ, ದಸರೆಗೆ ಇನ್ನೂ ದಿನವಿದೆ. ಕಾಂಕ್ರೀಟಿನ ಗುಂಡು ಒಣಗಿ ತಯಾರಿದೆ, ತಾಡಪತ್ರೆ ಕಟ್ಟಿದ್ದೇನೆ, ತಳ ಗುಡಿಸಿದ್ದೇನೆ. ಗೆರೆ ಎಳೆದಿಲ್ಲ. ಅದು ಅವಳ ಕೆಲಸ.